ಏಳನೆಯ ಸೆಕೆಂಡು

ಫೆಬ್ರವರಿ ೪

ಅಕ್ಕ,

ಇದನ್ನು ಕುಳಿತು ಓದು. ನಿಂತು ಓದಿದರೆ ಅರ್ಧಕ್ಕೇ ಬಿಟ್ಟು ಅಂಟು ಕಲಸಲು ಹೋಗುತ್ತೀಯ. ಅಯ್ಯೋ, ತಪ್ಪಾಯಿತು, ಅರ್ಧಕ್ಕೇ ಬಿಟ್ಟು ಹೋಗುವವನು ನಾನು. ನೀನು ಹದಿನೆಂಟು ವರ್ಷದಿಂದ ಗ್ರಂಥಾಲಯದ ಅದೇ ಹಿಂದಿನ ಕೋಣೆಯಲ್ಲಿ, ಅದೇ ಮೇಜಿನ ಮುಂದೆ, ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾ ಕುಳಿತವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ನಾವಿಬ್ಬರೂ ಹೇಗೆ ಹುಟ್ಟಿದೆವೋ ಕಾಣೆ.

ವಿಷಯ ಏನೆಂದರೆ, ನನಗೆ ಕೊನೆಗೂ ಒಂದು ಹೆಸರು ಸಿಕ್ಕಿತು. ಎಡಿಎಚ್‌ಡಿ ಅಂತೆ, ಮನಸ್ಸು ಒಂದು ಕಡೆ ನಿಲ್ಲದ ತೊಂದರೆ. ಮೂರು ಸಲ ಕರೆಸಿ, ನೂರೆಂಟು ಪ್ರಶ್ನೆ ಕೇಳಿ, ಡಾಕ್ಟರಮ್ಮ ಹೇಳಿದರು: ‘ನಿಮ್ಮ ತಲೆ ಸೋಮಾರಿ ಅಲ್ಲ, ಹಸಿದಿದೆ. ಒಳ್ಳೇದು ಹಾಕಿಲ್ಲ ಅಂದ್ರೆ ಸಿಕ್ಕಿದ್ದನ್ನ ತಿನ್ನುತ್ತೆ.’ ಮೂವತ್ತಾರು ವರ್ಷ ಎಲ್ಲರಿಂದ ಬೈಸಿಕೊಂಡದ್ದಕ್ಕೆ ಒಂದು ವಾಕ್ಯ ಸಿಕ್ಕಿತು ನೋಡು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ನಗಬೇಡ.

ಫೋನನ್ನು ಪೆಟ್ಟಿಗೆಗೆ ಹಾಕು ಎಂದಿದ್ದಾರೆ. ಅದಕ್ಕೇ ಈ ಕಾಗದ. ಇಲ್ಲಿಂದ ಅಂಚೆ ಚೀಲ ಹೋಗುವುದೂ ಬರುವುದೂ ವಾರಕ್ಕೊಮ್ಮೆ, ತಾಳ್ಮೆ ಇರಲಿ.

ನನ್ನ ಕೆಲಸ ನಿನಗೆ ಗೊತ್ತಲ್ಲ. ಐವತ್ತೆರಡು ವ್ಯಾಗನ್ ಸುಣ್ಣಕಲ್ಲು, ನಾನೊಬ್ಬನೇ, ನಾಲ್ಕು ಗಂಟೆ ನೇರ ಹಳಿ. ತಿರುವಿಲ್ಲ, ಊರಿಲ್ಲ, ಮರವೂ ಇಲ್ಲ. ಎಂಜಿನ್ನಿನಲ್ಲಿ ಎಚ್ಚರಗುಂಡಿ ಎಂಬ ಒಂದು ಪೀಡೆ ಇದೆ. ಒಂದು ನಿಮಿಷ ನಾನು ಏನನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಬಝರ್ ಕೂಗುತ್ತದೆ. ಎಂಟು ಸೆಕೆಂಡಿನೊಳಗೆ ಗುಂಡಿ ಒತ್ತದಿದ್ದರೆ, ಚಾಲಕ ಸತ್ತ ಎಂದುಕೊಂಡು ಗಾಡಿ ತಾನೇ ಬ್ರೇಕ್ ಹಾಕುತ್ತದೆ. ಆ ಗುಂಡಿಯ ಜೊತೆ ನನ್ನದೊಂದು ಆಟವಿದೆ. ಬಿಡು, ಹೇಳಿದರೆ ಕಿವಿ ಹಿಂಡುತ್ತೀಯ.

ಸಿಹಿ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಏಪ್ರಿಲ್ ಇಪ್ಪತ್ತರಿಂದ ನನ್ನನ್ನು ಪ್ಯಾಸೆಂಜರ್ ಗಾಡಿಗೆ ಹಾಕುತ್ತಾರೆ. ನಿಮ್ಮ ಊರಿನಿಂದಲೇ ಹೊರಡುವ ಬೆಳಗಿನ ಎಂಟೂ ಹತ್ತರ ಗಾಡಿ. ಒಂಬತ್ತು ವರ್ಷ ಕಲ್ಲು ಹೊತ್ತವನು ಇನ್ನು ಜನರನ್ನು ಹೊರುತ್ತೇನೆ ಅಕ್ಕ.

ನಿನ್ನ ಗಿರಗಿಟ್ಲೆ


ಫೆಬ್ರವರಿ ೧೦

ಗಿರಗಿಟ್ಲೆ,

ಕುಳಿತೇ ಓದಿದೆ. ನಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಅತ್ತೆ ಎಂದು ಓದಿದಾಗ ನನ್ನ ಕಣ್ಣೂ ಒದ್ದೆಯಾಯಿತು, ಕನ್ನಡಕ ಒರೆಸಿಕೊಂಡೆ. ನಿನ್ನನ್ನು ಬೈದವರಲ್ಲಿ ಮೊದಲ ಸಾಲಿನಲ್ಲಿ ನಿಂತವಳು ನಾನೇ ಅಲ್ಲವೇ. ಪ್ಯಾಸೆಂಜರ್ ಗಾಡಿಯ ಸುದ್ದಿಯನ್ನು ಪಕ್ಕದ ಮನೆಗೂ ಎದುರು ಮನೆಗೂ ಸಾರಿಯಾಯಿತು.

ಚಿಕ್ಕವನಿದ್ದಾಗ ಇಳಿಜಾರಿನಲ್ಲಿ ಕಣ್ಣು ಮುಚ್ಚಿ ಸೈಕಲ್ ಬಿಟ್ಟು ಹತ್ತರ ತನಕ ಎಣಿಸುತ್ತಿದ್ದೆಯಲ್ಲ, ಒಂದು ದಿನ ಹಿಂದೆ ಕುಳಿತಿದ್ದ ನನ್ನ ಮುಂದಿನ ಹಲ್ಲು ಮುರಿಯಿತು. ಅಂದು ನೀನು ಹೇಳಿದ್ದು ನನಗೆ ನೆನಪಿದೆ. ‘ಎಂಟರ ತನಕ ಚೆನ್ನಾಗಿತ್ತು ಅಕ್ಕ.’ ಆದ್ದರಿಂದ ಆಟ ಎಂಬ ಮಾತು ನಿನ್ನ ಬಾಯಲ್ಲಿ ಬಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಏನದು? ಮುಚ್ಚಿಡದೆ ಬರೆ.

ಇನ್ನೊಂದು. ತಲೆಯ ಹಸಿವಿಗೆ ಒಳ್ಳೆಯದು ಹಾಕಬೇಕು ಎಂದರಲ್ಲ ಡಾಕ್ಟರಮ್ಮ, ಆ ಒಳ್ಳೆಯದು ಎಂದರೆ ಏನೇನು? ಒಂದನ್ನೂ ಬಿಡದೆ ಬರೆ. ಸುಮ್ಮನೆ ಕೇಳುತ್ತಿದ್ದೇನೆ. ತಿಳಿದುಕೊಂಡರೆ ನಷ್ಟವೇನು?

ಅಕ್ಕ


ಫೆಬ್ರವರಿ ೨೧

ಅಕ್ಕ,

ನೀನು ಬೆನ್ನು ಬಿದ್ದರೆ ಬಿಡುವವಳಲ್ಲ. ತಗೋ.

ಗುಂಡಿಯನ್ನು ದೀಪ ಬಂದಾಗಲೇ ಒತ್ತಬಹುದು. ಎಲ್ಲರೂ ಒತ್ತುತ್ತಾರೆ. ನಾನು ಒತ್ತುವುದಿಲ್ಲ. ಬಝರ್ ಕೂಗಲು ಬಿಟ್ಟು ಎಣಿಸುತ್ತೇನೆ. ಒಂದು, ಎರಡು, ಮೂರು. ಏಳು ಎನ್ನುವಾಗ ಒತ್ತುತ್ತೇನೆ. ಎಂಟಾದರೆ ಬ್ರೇಕ್. ಆ ಏಳನೆಯ ಸೆಕೆಂಡಿನಲ್ಲಿ ಏನಾಗುತ್ತದೆ ಗೊತ್ತಾ? ತಲೆಯೊಳಗೆ ಇಡೀ ದಿನ ಕಚಪಿಚ ಎನ್ನುವ ಸಂತೆ ಒಮ್ಮೆಲೇ ನಿಂತುಹೋಗುತ್ತದೆ. ಎಲ್ಲ ನಿಚ್ಚಳ. ಆ ಒಂದು ಗಳಿಗೆಗಾಗಿ ಉಳಿದ ನಿಮಿಷಗಳನ್ನು ಹೇಗೋ ತಳ್ಳುತ್ತೇನೆ.

ಒಂದೇ ಒಂದು ಸಲ ಎಂಟಾಯಿತು. ನವೆಂಬರಿನಲ್ಲಿ. ಐವತ್ತೆರಡು ವ್ಯಾಗನ್ನೂ ಕಿರುಚಿಕೊಂಡು ಲೆವೆಲ್ ಕ್ರಾಸಿಂಗಿನ ಮೇಲೆ ಅಡ್ಡಡ್ಡ ನಿಂತವು. ಎರಡೂ ಕಡೆ ಬಸ್ಸು, ಲಾರಿ, ಶಾಪ. ಗುಂಡಿ ಸಿಕ್ಕಿಹಾಕಿಕೊಂಡಿತು ಎಂದು ಕಂಟ್ರೋಲ್ ರೂಮಿಗೆ ಹೇಳಿದೆ. ವರ್ಕ್‌ಶಾಪಿನವರು ಗುಂಡಿ ಬದಲಾಯಿಸಿದರು. ಸರಿಯಾಗಿ ನೋಡಿಕೊಂಡಿಲ್ಲ ಎಂದು ಫಿಟ್ಟರಿಗೆ ಎಚ್ಚರಿಕೆ ಪತ್ರ ಹೋಯಿತು, ಪಾಪ. ಹೊಸ ಗುಂಡಿ ಹಳೆಯದಕ್ಕಿಂತ ಮೆತ್ತಗಿದೆ. ನಕ್ಕುಬಿಡು.

ಡಾಕ್ಟರಮ್ಮನ ಪಟ್ಟಿ ಉದ್ದವಿದೆ, ಕೋಟಿನ ಜೇಬಿನಲ್ಲೋ ಎಲ್ಲೋ ಇದೆ. ಹುಡುಕಿ ಇನ್ನೊಂದು ಸಲ ಬರೆಯುತ್ತೇನೆ.

ಗಿರಗಿಟ್ಲೆ


ಫೆಬ್ರವರಿ ೨೬

ತಮ್ಮಾ,

ನಗಲಿಲ್ಲ. ಮೂರು ಸಲ ಓದಿದೆ. ರಟ್ಟಿಗೆ ಹಚ್ಚಿದ ಅಂಟು ಒಣಗಿಹೋಯಿತು, ಇನ್ನೊಮ್ಮೆ ಕೆರೆದು ಹಚ್ಚಬೇಕಾಯಿತು. ಹದಿನೆಂಟು ವರ್ಷದಲ್ಲಿ ಇದೇ ಮೊದಲು.

ನಿನ್ನ ತಲೆ ಹಸಿದದ್ದು ನಿನ್ನ ತಪ್ಪಲ್ಲ, ಒಪ್ಪಿದೆ. ಆ ಹಸಿವಿಗೆ ಏನು ಹಾಕುತ್ತಿದ್ದೀಯ ಎಂಬುದು ನಿನ್ನ ತಪ್ಪು. ಏಳು ಎಣಿಸುವಾಗ ನಿನ್ನ ಕಣ್ಣು ಎಲ್ಲಿರುತ್ತದೆ ಹೇಳು? ಹಳಿಯ ಮೇಲಾ, ಗುಂಡಿಯ ಮೇಲಾ? ಇಂದು ನಿನ್ನ ಹಿಂದೆ ಇರುವುದು ಕಲ್ಲು. ಏಪ್ರಿಲ್ ಇಪ್ಪತ್ತರಿಂದ ನಿನ್ನ ಹಿಂದೆ ಬಾಣಂತಿಯರು, ಮುದುಕರು, ಶಾಲೆಯ ಮಕ್ಕಳು. ಅವರ ಪ್ರಾಣದ ಮೇಲೆ ನೀನು ಎಣಿಸಿ ಆಡುತ್ತೀಯಾ? ಮಾಡದ ತಪ್ಪಿಗೆ ಯಾರೋ ಫಿಟ್ಟರ್ ಬೈಸಿಕೊಂಡ, ಅದಕ್ಕೆ ಪಾಪ ಎಂಬ ಒಂದೇ ಮಾತು ಸಾಕಾಯಿತಾ ನಿನಗೆ?

ನಿನ್ನ ರೈಲ್ವೆ ಇನ್‌ಸ್ಪೆಕ್ಟರ್ ಮುಂದೆ ಹೋಗಿ ಎಲ್ಲವನ್ನೂ ನೀನೇ ಹೇಳಬೇಕು. ಮಾರ್ಚ್ ಇಪ್ಪತ್ತರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನಿನ್ನ ಉತ್ತರ ಬರದಿದ್ದರೆ ನಾನೇ ಅವರಿಗೆ ಬರೆಯುತ್ತೇನೆ. ಇದು ಬೆದರಿಕೆ ಎಂದು ನಿನಗೆ ಅನ್ನಿಸಿದರೆ ಅನ್ನಿಸಲಿ, ಬೆದರಿಕೆಯೇ.

ಅಕ್ಕ


ಮಾರ್ಚ್ ೧೨

ಉತ್ತರವಿಲ್ಲ. ಹನ್ನೊಂದು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಕೋಪವಿದ್ದರೆ ಕೋಪದಲ್ಲೇ ನಾಲ್ಕು ಸಾಲು ಬರೆ. ನಿನಗೆ ಬೈಯಲು ಹಕ್ಕಿದೆ, ಸುಮ್ಮನಿರಲು ಇಲ್ಲ.

ಅಕ್ಕ


ಮಾರ್ಚ್ ೧೭

ಅಕ್ಕ,

ನಿನ್ನ ಎರಡೂ ಕಾಗದ ಬಂದವು. ಇನ್‌ಸ್ಪೆಕ್ಟರಿಗೆ ಬರೆಯಬೇಡ. ಅಗತ್ಯವಿಲ್ಲ. ಆಟ ನಿಲ್ಲಿಸಿ ಎರಡು ವಾರವಾಯಿತು. ಮಾಡಿ ತೋರಿಸಿ ಆಮೇಲೆ ಬರೆಯೋಣ ಎಂದು ಸುಮ್ಮನಿದ್ದೆ, ಅಷ್ಟೇ.

ಪಟ್ಟಿ ಸಿಕ್ಕಿತು. ಒಂದೊಂದೇ ಮಾಡುತ್ತಿದ್ದೇನೆ. ಕೆಲಸಕ್ಕೆ ಹೋಗುವ ಮುಂಚೆ ಹಗ್ಗ ಹಿಡಿದು ಇನ್ನೂರು ಜಿಗಿತ. ತಲೆ ಕೇಳುವ ಮೊದಲೇ ಅದಕ್ಕೆ ತಿನ್ನಿಸಬೇಕಂತೆ, ಹಸಿದ ಮೇಲೆ ಹಾಕಿದರೆ ಅದು ಅಡ್ಡದಾರಿ ಹಿಡಿದಿರುತ್ತದೆ. ಎಂಜಿನ್ನಿನಲ್ಲಿ ಬಾಯಿಗೆ ಒಂದು ಲವಂಗ, ನಾಲಿಗೆ ಚುರುಗುಟ್ಟಿದರೆ ಮನಸ್ಸು ಅಲ್ಲೇ ಉಳಿಯುತ್ತದೆ. ಎಡಗೈಗೆ ಗಂಟುಗಂಟಿನ ದಾರ, ಬೆರಳಿಗೆ ಕೆಲಸ. ಪ್ರತಿ ಸಿಗ್ನಲ್‌ಗೂ ಕೈಯೆತ್ತಿ ಬೆರಳು ತೋರಿಸಿ, ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಿ ಹೇಳುವುದು. ಒಬ್ಬನೇ ಹುಚ್ಚನ ಹಾಗೆ ಕೂಗುವುದಕ್ಕೆ ಮೊದಮೊದಲು ನಾಚಿಕೆ, ಆಮೇಲೆ ಮಜಾ. ನಾಲ್ಕು ಗಂಟೆಯ ಹಾದಿಯನ್ನು ಹನ್ನೊಂದು ತುಂಡು ಮಾಡಿದ್ದೇನೆ. ಒಂದು ತುಂಡು ನಿಂತು, ಒಂದು ಕುಳಿತು, ಒಂದು ತುಂಡಿನಲ್ಲಿ ಮೀಟರುಗಳನ್ನು ಹಿಂದುಮುಂದಾಗಿ ಓದುವುದು. ಗುಂಡಿ ಮಾತ್ರ ದೀಪ ಬಂದ ಕೂಡಲೇ ಒತ್ತುವುದು. ಸಂಜೆ ರಬ್ಬರ್ ಹಲಗೆಯ ಮೇಲೆ ಡ್ರಮ್ ಕಲಿಯುತ್ತಿದ್ದೇನೆ, ಎರಡು ಕೈಗೆ ಎರಡು ಲೆಕ್ಕ. ಪಕ್ಕದ ಕೋಣೆಯವನು ಗೋಡೆ ಗುದ್ದುತ್ತಾನೆ, ತಾಳ ತಪ್ಪುತ್ತದೆ.

ಹೊಸಬನಾಗಿದ್ದೇನೆ ಅಕ್ಕ. ನಂಬು.

ಗಿರಗಿಟ್ಲೆ


ಮಾರ್ಚ್ ೨೧

ತಮ್ಮಾ,

ನಿನ್ನೆ ಸಂಜೆಯ ತನಕ ಕಾದೆ. ಅಂಚೆಯವನು ನನ್ನ ಮುಖ ನೋಡಿ ತಾನೇ ತಲೆ ಆಡಿಸಿಬಿಟ್ಟ.

ಇಂದು ಬೆಳಿಗ್ಗೆ ನಿನ್ನ ಇನ್‌ಸ್ಪೆಕ್ಟರಿಗೆ ಬರೆದು ಹಾಕಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡವೆಂದು ಹೇಳುತ್ತಿದ್ದೇನೆ. ಗುಂಡಿಯ ಆಟ ಬರೆದೆ, ಲೆವೆಲ್ ಕ್ರಾಸಿಂಗ್ ಬರೆದೆ, ಫಿಟ್ಟರ್ ತಪ್ಪು ಮಾಡಿಲ್ಲ ಎಂದು ಬರೆದೆ. ನೀನು ಕೆಟ್ಟವನಲ್ಲ, ನಿನ್ನ ತಲೆಗೆ ನೇರ ಹಳಿ ಆಗಿಬರುವುದಿಲ್ಲ ಎಂದೂ ಬರೆದೆ. ನಿನ್ನನ್ನು ಪ್ಯಾಸೆಂಜರ್ ಗಾಡಿಗೆ ಹಾಕಬೇಡಿ ಎಂಬ ಸಾಲು ಬರೆಯುವಾಗ ಪೆನ್ನು ಮುಂದಕ್ಕೇ ಹೋಗಲಿಲ್ಲ. ಆದರೂ ಬರೆದೆ.

ಒಂಬತ್ತು ವರ್ಷದ ನಿನ್ನ ಆಸೆಗೆ ಕಲ್ಲು ಹಾಕಿದವಳು ನಾನು. ಶಪಿಸಬೇಕೆನಿಸಿದರೆ ಶಪಿಸು. ನೀನು ಜೀವಂತವಾಗಿದ್ದು ಶಪಿಸಿದರೆ ನನಗೆ ಅಷ್ಟೇ ಸಾಕು.

ಅಕ್ಕ


ಮಾರ್ಚ್ ೨೫

ನನ್ನ ಕಂದಾ,

ಹದಿನೇಳನೇ ತಾರೀಕಿನ ನಿನ್ನ ಕಾಗದ ನಿನ್ನೆ ಬಂತು. ಒಂದು ವಾರ ಚೀಲದಲ್ಲೇ ಕುಳಿತಿತ್ತು, ಅಷ್ಟರಲ್ಲಿ ನಾನು ಆತುರಗೆಟ್ಟು ನಿನ್ನ ಬಾಳಿಗೆ ಬೆಂಕಿ ಇಟ್ಟೆ. ಅಕ್ಷರಗಳೆಲ್ಲ ವಾಲಾಡಿವೆ, ಸಾಲು ಮೇಲೆ ಕೆಳಗೆ ಹೋಗಿದೆ. ಎಷ್ಟು ಉತ್ಸಾಹದಲ್ಲಿ ಬರೆದಿದ್ದಾನೆ ನೋಡು ಎಂದು ಒಮ್ಮೆ ನಕ್ಕೆ.

ಇಂದೇ ಇನ್‌ಸ್ಪೆಕ್ಟರಿಗೆ ಎರಡನೇ ಕಾಗದ ಹಾಕಿದೆ. ಮೊದಲಿನದನ್ನು ಗಾಬರಿಯಲ್ಲಿ ಬರೆದೆ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನನ್ನ ತಮ್ಮ ಸರಿಹೋಗಿದ್ದಾನೆ, ಅವನನ್ನು ನಾನು ಪೂರ್ತಿ ನಂಬುತ್ತೇನೆ ಎಂದು.

ಸುಮ್ಮನೆ ಕೇಳುತ್ತಿದ್ದೇನೆ ಎಂದು ನಾನು ಬರೆದದ್ದು ಸುಳ್ಳು. ಜನವರಿಯಲ್ಲಿ ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ನಮ್ಮ ಕುರುಳಿ ಎರಡನೇ ಮಹಡಿಯ ಕಿಟಕಿಯ ಹೊರಗೆ, ಅಂಗೈ ಅಗಲದ ಅಂಚಿನ ಮೇಲೆ, ಎರಡೂ ಕೈ ಚಾಚಿ ನಿಂತಿದ್ದಳು. ಒಂಬತ್ತು ವರ್ಷದ ನನ್ನ ಮಗಳು. ಕೂಗಿದರೆ ಬಿದ್ದಾಳೆಂದು ಬಾಯಿಗೆ ಸೆರಗು ತುರುಕಿಕೊಂಡು ಹೋಗಿ ಹಿಂದಿನಿಂದ ಹಿಡಿದೆ. ಬೈಯಲೂ ಆಗಲಿಲ್ಲ. ಅವಳು ಹೇಳಿದ್ದು ಇಷ್ಟು: ‘ಸುಮ್ಮನೆ ಕೂತ್ರೆ ತಲೇಲಿ ಇರುವೆ ಹರಿಯುತ್ತಮ್ಮ. ಇಲ್ಲಿ ನಿಂತ್ರೆ ಎಲ್ಲಾ ನಿಂತೋಗತ್ತೆ.’

ಏಳನೆಯ ಸೆಕೆಂಡಿನ ಬಗ್ಗೆ ನೀನು ಬರೆದದ್ದನ್ನು ಓದಿದಾಗ ನನಗೆ ಕೇಳಿದ್ದು ಅವಳ ದನಿ. ಕಿಟಕಿಗಳಿಗೆಲ್ಲ ಸರಳು ಹಾಕಿಸಿದ್ದೇನೆ, ಆದರೆ ಊರಿಗೆಲ್ಲ ಹಾಕಿಸಲು ಆಗುತ್ತದೆಯೇ? ನಾಳೆಯಿಂದ ನಿನ್ನ ಪಟ್ಟಿಯನ್ನು ಅವಳ ಮೇಲೆ ಪ್ರಯೋಗಿಸುತ್ತೇನೆ. ನೀನು ಮಾಡಿ ನೋಡಿದ್ದು ತಾನೇ, ಧೈರ್ಯವಿದೆ. ಅವಳನ್ನೂ ಡಾಕ್ಟರಿಗೆ ತೋರಿಸಲು ದಿನ ಗೊತ್ತು ಮಾಡಿದ್ದೇನೆ.

ಅಕ್ಕ


ಏಪ್ರಿಲ್ ೮

ಗಿರಗಿಟ್ಲೆ,

ಮತ್ತೆ ಮೌನವ್ರತ. ಕೋಪ ಇನ್ನೂ ಇಳಿದಿಲ್ಲವೆಂದು ತಿಳಿದಿದ್ದೇನೆ. ಇಳಿಸುವಂಥ ಸುದ್ದಿ ಕೊಡುತ್ತೇನೆ.

ಪಟ್ಟಿ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಮೊದಲು ಹಗ್ಗ, ಆಮೇಲೆ ಪಾಠ. ಲವಂಗ ಉಗಿದಳು, ಅದರ ಬದಲು ಹುಳಿ ಮಿಠಾಯಿ. ದಾರದ ಗಂಟು ಬೇಡವೆಂದು ನನ್ನ ಬೈಂಡಿಂಗ್ ದಾರದ ಉಂಡೆಯನ್ನೇ ಕದ್ದಳು. ಮನೆಪಾಠವನ್ನು ತುಂಡು ಮಾಡಿ ಒಂದು ತುಂಡು ನಿಂತು, ಒಂದು ಮೇಜಿನ ಕೆಳಗೆ ಮಲಗಿ. ಎಲ್ಲ ದಿನವೂ ಆಗುವುದಿಲ್ಲ. ಮೊನ್ನೆ ಪುಸ್ತಕ ಎಸೆದು ಒಂದು ಗಂಟೆ ಅತ್ತಳು. ಆದರೆ ಹದಿನಾಲ್ಕು ದಿನದಿಂದ ಕಿಟಕಿಯ ಹತ್ತಿರ ಸುಳಿದಿಲ್ಲ. ರಸ್ತೆಯಲ್ಲಿ ನಡೆಯುವಾಗ ಸಿಗ್ನಲ್ ದೀಪಕ್ಕೆ ಬೆರಳು ತೋರಿಸಿ ಕೆಂಪು ಎಂದು ಕಿರುಚುತ್ತಾಳೆ, ಜನ ತಿರುಗಿ ನೋಡುತ್ತಾರೆ. ಯಾಕೆ ಹೀಗೆ ಎಂದು ಕೇಳಿದ ಟೀಚರಿಗೆ, ನನ್ನ ಮಾಮ ರೈಲು ಓಡಿಸುವಾಗ ಹೀಗೇ ಮಾಡುತ್ತಾನೆ ಎಂದಳಂತೆ.

ಇಪ್ಪತ್ತನೇ ತಾರೀಕು ಎಂಟೂ ಹತ್ತರ ಗಾಡಿಗೆ ನಮ್ಮಿಬ್ಬರ ಟಿಕೆಟ್ ತೆಗೆಸಿದ್ದೇನೆ. ಎಂಜಿನ್ನಿನ ಹಿಂದಿನ ಮೊದಲ ಡಬ್ಬಿ. ನಿನ್ನನ್ನು ನಂಬುತ್ತೇನೆ ಎಂದು ಬರೆದರೆ ಸಾಲದು, ಬಂದು ಕೂರುತ್ತೇನೆ.

ಅಕ್ಕ


ಏಪ್ರಿಲ್ ೧೬

ಅಕ್ಕ,

ಇಪ್ಪತ್ತರ ಗಾಡಿಗೆ ನನಗಾಗಿ ಬರಬೇಡ. ನಾನು ಓಡಿಸುತ್ತಿಲ್ಲ. ಇದು ಅಷ್ಟರೊಳಗೆ ನಿನ್ನ ಕೈ ಸೇರುತ್ತದೋ ಇಲ್ಲವೋ, ಫೋನ್ ಮಾಡಿ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಇನ್‌ಸ್ಪೆಕ್ಟರ್ ಕರೆಸಿದರು. ಮೇಜಿನ ಮೇಲೆ ನಿನ್ನ ಎರಡೂ ಕಾಗದಗಳಿದ್ದವು, ಪಕ್ಕದಲ್ಲಿ ನನ್ನ ಪ್ಯಾಸೆಂಜರ್ ಆರ್ಡರ್. ಸಹಿಗೆ ಪೆನ್ನು ತೆರೆದಿಟ್ಟಿದ್ದರು. ಒಳ್ಳೆಯ ಮನುಷ್ಯ. ‘ಅಕ್ಕಂದಿರು ಹೀಗೇ ಕಣಯ್ಯ, ಮೊದಲು ಗಾಬರಿ ಬೀಳ್ತಾರೆ, ಆಮೇಲೆ ಸಮಾಧಾನ ಆಗ್ತಾರೆ. ನಾನು ಸಮಾಧಾನದ ಕಾಗದ ಇಟ್ಕೋತೀನಿ’ ಎಂದು ಮೊದಲಿನದನ್ನು ನನ್ನ ಕಡೆ ತಳ್ಳಿದರು. ಹರಿದುಹಾಕು ಎಂದರ್ಥ. ನನ್ನ ಜೇಬಿನಲ್ಲಿ ಎಂಟನೇ ತಾರೀಕಿನ ನಿನ್ನ ಕಾಗದವಿತ್ತು. ಮೊದಲ ಡಬ್ಬಿ ಎಂದು ಬರೆದಿದ್ದೆಯಲ್ಲ, ಅದು.

‘ಸರ್, ಮೊದಲನೇ ಕಾಗದವೇ ನಿಜ. ರೆಕಾರ್ಡರ್ ತೆಗೆಸಿ, ಮಾರ್ಚ್ ಹದಿನೇಳು ನೋಡಿ’ ಎಂದೆ.

ಎಂಜಿನ್ನಿನಲ್ಲಿ ನಾವು ಮುಟ್ಟಿದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ. ಕೇಳದಿದ್ದರೆ ಯಾರೂ ತೆಗೆದು ನೋಡುವುದಿಲ್ಲ. ತೆಗೆಸಿದರು. ಆ ದಿನ ಬೆಳಿಗ್ಗೆ ಹದಿನಾಲ್ಕು ಸಲ ನಾನು ಏಳಕ್ಕೆ ಒತ್ತಿದ್ದೆ. ಹದಿನಾಲ್ಕನೆಯ ಸಲ ಎಣಿಸುತ್ತಿರುವಾಗ ಒಂದು ಹಳದಿ ಸಿಗ್ನಲ್ ದಾಟಿಹೋಯಿತು, ಮುಂದೆ ಕೆಂಪಿದೆ, ನಿಧಾನಿಸು ಎನ್ನುವ ಸಿಗ್ನಲ್. ನಾನು ನೋಡಲೇ ಇಲ್ಲ. ನೀನು ಕೇಳಿದ್ದೆಯಲ್ಲ, ಕಣ್ಣು ಎಲ್ಲಿರುತ್ತದೆ ಎಂದು. ಗುಂಡಿಯ ಮೇಲಿತ್ತು. ಮುಂದಿನದು ಕೆಂಪು. ಇದ್ದಬದ್ದ ಬ್ರೇಕನ್ನೆಲ್ಲ ಹಾಕಿದೆ. ಗಾಡಿ ನಿಂತಾಗ ಆ ಕೆಂಪಿಗೂ ನನಗೂ ಒಂದು ವ್ಯಾಗನ್ನಿನಷ್ಟು ಜಾಗ. ಅದರಾಚೆ ಅದೇ ಹಳಿಯ ಮೇಲೆ ಹಳಿ ರಿಪೇರಿಯ ಗುಂಪು, ಎಂಟು ಜನ, ನನ್ನ ಕಡೆಗೆ ತಿರುಗಿ ನೋಡುತ್ತಾ ನಿಂತಿದ್ದರು.

ಆ ಸಂಜೆ ಕೋಣೆಗೆ ಬಂದು ನಿನಗೆ ಆ ಕಾಗದ ಬರೆದೆ. ಉತ್ಸಾಹ ಎಂದೆಯಲ್ಲ, ಅಕ್ಕ, ಅದು ನಡುಕ. ಆ ಪಟ್ಟಿಯಲ್ಲಿ ಒಂದನ್ನೂ ನಾನು ಮಾಡಿರಲಿಲ್ಲ. ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ನಾನು ಮಾಡಿದಂತೆ ಬರೆದೆ, ಡ್ರಮ್ಮನ್ನೂ ಗೋಡೆ ಗುದ್ದುವವನನ್ನೂ ನಾನೇ ಹುಟ್ಟಿಸಿದೆ. ಬರೆದರೆ ನಿಜವಾದೀತು ಎಂದು ಆಸೆಯಿತ್ತೇನೋ. ಮಾಡದವನ ಮಾತು ಕೇಳಿ ಒಂದು ಮಗು ಮಾಡಿತು ಎಂದು ಓದಿದಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳಿಗೆ ನಿಜ ಹೇಳು.

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಆರ್ಡರನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ವಿಚಾರಣೆ ಮುಗಿಯುವ ತನಕ ನಾನು ಯಾವ ಎಂಜಿನ್ನನ್ನೂ ಮುಟ್ಟುವಂತಿಲ್ಲ. ಮುಗಿದ ಮೇಲೂ ಮುಟ್ಟುವೆನೋ ಇಲ್ಲವೋ ಗೊತ್ತಿಲ್ಲ. ಅಲ್ಲಿಂದ ನೇರ ವರ್ಕ್‌ಶಾಪಿಗೆ ಹೋಗಿ ಫಿಟ್ಟರಿಗೆ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಹೊರಗೆ ಹೋಗು ಎಂದ. ಹೋದೆ.

ಇಂದು ಬೆಳಿಗ್ಗೆ ಹಗ್ಗ ಕೊಂಡೆ. ಇಪ್ಪತ್ತಮೂರಕ್ಕೆ ಉಸಿರು ಹೋಯಿತು.

ನಿನ್ನ ತಮ್ಮ


ಏಪ್ರಿಲ್ ೨೨

ತಮ್ಮಾ,

ನಿನ್ನ ಕಾಗದ ಇಂದು ಬಂತು. ಇಪ್ಪತ್ತನೇ ತಾರೀಕು ಕಳೆದು ಎರಡು ದಿನವಾಗಿದೆ.

ನಾವು ಹೋಗಿದ್ದೆವು. ಕುರುಳಿ ಹೊಸ ಬೂಟು ಹಾಕಿಕೊಂಡು ಏಳೂವರೆಗೇ ನನ್ನನ್ನು ಎಳೆದುಕೊಂಡು ಹೋದಳು. ಹಿಂದಿನ ಎರಡು ದಿನ ನಾನು ಊಟ ಮಾಡಿರಲಿಲ್ಲ. ಸಂಭ್ರಮಕ್ಕೆ ಹಸಿವಾಗುತ್ತಿಲ್ಲ ಎಂದು ಅವಳಿಗೆ ಹೇಳಿದ್ದೆ, ನನಗೂ ಹಾಗೇ ಹೇಳಿಕೊಂಡಿದ್ದೆ. ಪ್ಲಾಟ್‌ಫಾರ್ಮಿನ ತುದಿಗೆ, ಎಂಜಿನ್ನಿನ ತನಕ ಅವಳು ಓಡಿದಳು, ಹಿಂದೆ ನಾನು. ಮಾಮಾ ಎಂದು ಕೂಗಿದಳು. ಕಿಟಕಿಯಲ್ಲಿ ನೆರೆತ ಮೀಸೆಯ ಯಾರೋ ಒಬ್ಬರು ತಲೆ ಹೊರಹಾಕಿದರು.

ಅವಳು ನನ್ನ ಕಡೆ ತಿರುಗಿದಳು. ಅವಳು ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಮಾಮ ಬಂದಿಲ್ಲ. ನೀನ್ಯಾಕಮ್ಮ ನಗ್ತಿದೀಯ?’

ನಗುತ್ತಿದ್ದೆನಂತೆ. ನನಗೇ ಗೊತ್ತಿರಲಿಲ್ಲ. ನಿನಗೇನಾಯಿತೋ, ಎಲ್ಲಿದ್ದೀಯೋ ಎಂದು ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎರಡು ದಿನದಿಂದ ಹಿಡಿದಿಟ್ಟ ಉಸಿರು ಆ ಬೇರೆ ಮುಖ ನೋಡಿದ ಕೂಡಲೇ ಹೊರಗೆ ಬಂತು, ಅಷ್ಟೇ. ನಿನ್ನನ್ನು ಪೂರ್ತಿ ನಂಬುತ್ತೇನೆ ಎಂದು ನಿನ್ನ ಇನ್‌ಸ್ಪೆಕ್ಟರಿಗೆ ಬರೆದೆನಲ್ಲ, ನಾನೂ ನಿನ್ನ ಹಾಗೆಯೇ, ಬರೆದರೆ ನಿಜವಾದೀತೆಂದು ಬರೆದಿದ್ದೆ. ಆ ಸುಳ್ಳನ್ನು ಉಳಿಸಿಕೊಳ್ಳಲು ಹೆತ್ತ ಮಗಳನ್ನು ಮೊದಲ ಡಬ್ಬಿಯಲ್ಲಿ ಕೂರಿಸಲು ಹೊರಟಿದ್ದೆ. ನೀನು ಬಾಯಿ ಬಿಡದಿದ್ದರೆ ಕೂರಿಸಿಬಿಡುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಅಕ್ಷರವೂ ವಾಲಾಡುತ್ತಿದೆ, ನೋಡಿಕೋ.

ಅವಳಿಗೆ ನಿಜ ಹೇಳಿದೆ. ಮುಖ ಊದಿಸಿಕೊಂಡು ಊಟದ ತಟ್ಟೆ ತಳ್ಳಿದಳು. ಮಾಮ ಸುಳ್ಳುಗಾರ ಎಂದಳು. ಹೌದು ಎಂದೆ. ಸಂಜೆ ತಾನಾಗಿಯೇ ಹಗ್ಗ ತೆಗೆದುಕೊಂಡು ಹೊರಗೆ ಹೋದಳು. ಅವಳು ನಿನ್ನನ್ನು ಯಾವಾಗ ಕ್ಷಮಿಸುತ್ತಾಳೋ ನನಗೆ ಗೊತ್ತಿಲ್ಲ, ಅದನ್ನು ನೀನೇ ಬಂದು ಕೇಳಬೇಕು.

ವಿಚಾರಣೆಯ ದಿನ ಗೊತ್ತಾಗುವ ತನಕ ಅಲ್ಲಿ ಒಬ್ಬನೇ ಗೋಡೆ ನೋಡುತ್ತಾ ಕೂರಬೇಡ, ಅದು ನಿನ್ನ ತಲೆಗೆ ಒಳ್ಳೆಯದಲ್ಲ. ಬಾ. ಟಿಕೆಟ್ ತಗೊಂಡು, ಎಲ್ಲರ ಜೊತೆ ಡಬ್ಬಿಯಲ್ಲಿ ಕುಳಿತು, ಬೇರೆಯವರು ಓಡಿಸುವ ಗಾಡಿಯಲ್ಲಿ ಬಾ.

ಅಕ್ಕ